ಪಂಪನ ಆರು ತಿಂಗಳು, ನಮ್ಮ ಮೂವತ್ತು ದಿನ

ನವೆಂಬರ್ ಬಂತು ಅಂದ್ರೆ ನಮಗೆ ರಾಜ್ಯೋತ್ಸವ. ಒಂದನೇ ತಾರೀಖು ಬಾವುಟ, ಮೆರವಣಿಗೆ, ಆಫೀಸಿನಲ್ಲಿ ಪಂಚೆ-ಸೀರೆ ಉಟ್ಟುಕೊಂಡು ಒಂದು ಗ್ರೂಪ್ ಫೋಟೋ. ಆಮೇಲೆ ಮತ್ತೆ ಮಾಮೂಲಿ ಜೀವನ, ಮಾಮೂಲಿ ಇಂಗ್ಲಿಷು. ಆದರೆ ಇದೇ ನವೆಂಬರಿನಲ್ಲಿ ಪ್ರಪಂಚದ ಬೇರೆ ಬೇರೆ ಕಡೆ ಲಕ್ಷಾಂತರ ಜನ ಇನ್ನೊಂದು ಥರದ ಹಬ್ಬ ಮಾಡುತ್ತಾ ಬಂದಿದ್ದಾರೆ. ಬರೆಯುವ ಹಬ್ಬ! ಮೂವತ್ತು ದಿನ, ಐವತ್ತು ಸಾವಿರ ಪದ, ಒಂದು ಕಾದಂಬರಿ. ದಿನಕ್ಕೆ ಸುಮಾರು 1,667 ಪದ.

ಇದನ್ನು ಶುರು ಮಾಡಿದ್ದು ಕ್ರಿಸ್ ಬೇಟಿ ಎಂಬಾತ, 1999ರ ಜುಲೈನಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ. ಮೊದಲ ವರ್ಷ ಇದ್ದದ್ದು ಇಪ್ಪತ್ತೊಂದೇ ಜನ. ಮರುವರ್ಷ, ಅಂದರೆ 2000ದಲ್ಲಿ, ಅದನ್ನು ನವೆಂಬರಿಗೆ ತಂದರು. ಕಾರಣ ಮಜವಾಗಿದೆ. ನವೆಂಬರಿನಲ್ಲಿ ಅಲ್ಲಿ ಹವೆ ಚೆನ್ನಾಗಿರಲ್ಲ, ಮನೆಯೊಳಗೆ ಕೂತು ಬರೆಯೋಕೆ ಅನುಕೂಲ ಅಂತ. (ನಮ್ಮ ಗಂಗಾವತಿ ಕಡೆ ನವೆಂಬರ್ ಅಂದ್ರೆ ಭತ್ತದ ಕಟಾವಿನ ಕಾಲ. ಆಗ ಮನೆಯೊಳಗೆ ಕೂತು ಬರೀತೀನಿ ಅಂದ್ರೆ ಕೈಗೆ ಕುಡುಗೋಲು ಕೊಡ್ತಾರೆ :-) )

ತಿಂಗಳಿಡೀ ಬರೆಯುವ ಈ ಪಂಥ ಅಮೆರಿಕದಿಂದ ಬಂದ ಹೊಸ ಐಡಿಯಾ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ನಮ್ಮ ಸಾಣಾಪುರದಲ್ಲಿ ನಿಂತು ಸುತ್ತ ನೋಡಿದರೆ, ಒಂದು ದಿನದ ಪ್ರಯಾಣದ ಒಳಗೇ ಇದರ ಹಳೇ ಕಥೆಗಳು ಸಾಲಾಗಿ ಸಿಗುತ್ತವೆ. ಅವುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಂಡದ್ದು ಇಷ್ಟು: ಗಡುವು ಒಂದರಿಂದಲೇ ಯಾರೂ ಬರೆದಿಲ್ಲ. ಗಡುವಿನ ಆಚೆ ಯಾರೋ ಒಬ್ಬರು ಕಾಯುತ್ತಿದ್ದರು, ಅದಕ್ಕೇ ಬರೆದರು.

ಎಲ್ಲಕ್ಕಿಂತ ಹಳೆಯದರಿಂದ ಶುರು ಮಾಡೋಣ. ನಮ್ಮಿಂದ ಪಶ್ಚಿಮಕ್ಕೆ ಕೊಪ್ಪಳ. ಅಲ್ಲಿನ ಗವಿಮಠದ ಗುಡ್ಡದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೇ ಶತಮಾನದವು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ನಮ್ಮ ಸೀಮೆಯಲ್ಲಿ ಓದಲು ಸಿಗುವ ಅತ್ಯಂತ ಹಳೆಯ ಬರಹಗಳಲ್ಲಿ ಇವೂ ಸೇರಿವೆ. ದೊಡ್ಡ ಚಕ್ರವರ್ತಿ, ಯುದ್ಧ ಗೆದ್ದದ್ದೋ ದಾನ ಕೊಟ್ಟದ್ದೋ ಬರೆಸಿರಬೇಕು ಅಂತ ನಾವು ಅಂದುಕೊಂಡರೆ, ಅಲ್ಲಿರೋದು ಬೇರೇನೇ. ಆ ಶಾಸನದ ವಿಷಯ ಪ್ರಯತ್ನ! ನಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಮೊದಲ ಒಂದು ವರ್ಷ ಅಷ್ಟೇನೂ ಶ್ರಮ ಪಡಲಿಲ್ಲ, ಆಮೇಲೆ ಸಂಘದ ಹತ್ತಿರ ಹೋದೆ, ಆಗಿನಿಂದ ಚೆನ್ನಾಗಿ ಶ್ರಮ ಪಟ್ಟೆ ಎನ್ನುವುದು ಅದರ ಸಾರ. ಜೊತೆಗೆ ಇನ್ನೊಂದು ಮಾತು: ಇದು ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನ ಪಟ್ಟರೆ ಸಣ್ಣವರಿಗೂ ಸಾಧ್ಯ.

ಒಂದು ವರ್ಷ ಒಬ್ಬನೇ ಇದ್ದಾಗ ಆಗದ್ದು ಸಂಘ ಸೇರಿದ ಮೇಲೆ ಆಯಿತು. ಜಿಮ್‌ಗೆ ಒಬ್ಬರೇ ಹೋಗೋದಕ್ಕೂ ಗೆಳೆಯನ ಜೊತೆ ಹೋಗೋದಕ್ಕೂ ಇರುವ ವ್ಯತ್ಯಾಸ ಅಶೋಕನಿಗೂ ಗೊತ್ತಿತ್ತು ಅನ್ನಿ. ಇದೇ ಶಾಸನದ ಹಲವು ಪ್ರತಿಗಳಲ್ಲಿ 256 ಎಂಬ ಅಂಕೆ ಬರುತ್ತದೆ. ಪ್ರವಾಸದಲ್ಲಿ ಕಳೆದ 256 ರಾತ್ರಿಗಳು ಅಂತ ವಿದ್ವಾಂಸರು ಅರ್ಥ ಮಾಡುತ್ತಾರೆ. ಚಕ್ರವರ್ತಿ ಕೂಡ ದಿನ ಎಣಿಸುತ್ತಿದ್ದ!

ಇಲ್ಲಿಂದ ಸಾವಿರದ ಚಿಲ್ಲರೆ ವರ್ಷ ಮುಂದೆ ಬನ್ನಿ. ಒಂಬತ್ತನೇ ಶತಮಾನದ ನಡುವೆ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತು. ಕನ್ನಡನಾಡು ಕಾವೇರಿಯಿಂದ ಗೋದಾವರಿವರೆಗೆ ಎಂದು ಹೇಳಿದ ಆ ಗ್ರಂಥ ಕನ್ನಡದ ತಿರುಳು ಎಲ್ಲಿದೆ ಅಂತಲೂ ಹೇಳುತ್ತದೆ. ಕಿಸುವೊಳಲು, ಪುಲಿಗೆರೆ, ಒಂಕುಂದ, ಮತ್ತೆ ನಮ್ಮ ಕೊಪಣ, ಅಂದರೆ ಇವತ್ತಿನ ಕೊಪ್ಪಳ. ಬೆಂಗಳೂರಿನಲ್ಲಿ ನಮ್ಮ ಮಾತು ಕೇಳಿ "ನಿಮ್ದು ಯಾವ ಕಡೆ ಕನ್ನಡ?" ಅಂತ ನಗುವವರಿಗೆ ಇದನ್ನು ಹೇಳಬೇಕು. ಇನ್ನೂ ಒಂದು ಮಾತು ಆ ಪುಸ್ತಕದಲ್ಲಿದೆ. ಈ ನಾಡಿನ ಜನ ಓದು ಕಲಿಯದೆಯೂ ಕಾವ್ಯ ಕಟ್ಟುವ ಜಾಣರು ಅಂತ. ಅಂದರೆ ಬರೆಯೋಕೆ ಸರ್ಟಿಫಿಕೇಟ್ ಬೇಡ ಅನ್ನೋದನ್ನು ಒಂಬತ್ತನೇ ಶತಮಾನದಲ್ಲೇ ಹೇಳಿ ಮುಗಿಸಿದ್ದಾರೆ.

ಈಗ ಪಂಪ. ನನ್ನ ಪ್ರಕಾರ ಗಡುವಿನೊಳಗೆ ಬರೆದವರ ಪೈಕಿ ನಮ್ಮ ಭಾಷೆಯ ದಾಖಲೆ ಅವನದೇ. ತನ್ನ ಕನ್ನಡ ಪುಲಿಗೆರೆಯ ತಿರುಳ್ಗನ್ನಡ ಅಂತ ಹೇಳಿಕೊಂಡ ಈ ಕವಿ ಇದ್ದದ್ದು ಈಗ ತೆಲಂಗಾಣದಲ್ಲಿರುವ ವೇಮುಲವಾಡದ ಚಾಳುಕ್ಯ ದೊರೆ ಅರಿಕೇಸರಿಯ ಬಳಿ. ಎರಡು ದೊಡ್ಡ ಕಾವ್ಯ ಬರೆದ. ಆದಿಪುರಾಣ ಮತ್ತು ವಿಕ್ರಮಾರ್ಜುನ ವಿಜಯ, ಅಂದರೆ ಪಂಪಭಾರತ. ಎಷ್ಟು ಸಮಯ ಹಿಡಿಯಿತು ಅನ್ನೋದನ್ನೂ ತಾನೇ ಹೇಳಿದ್ದಾನೆ. ಮೊದಲನೆಯದಕ್ಕೆ ಮೂರು ತಿಂಗಳು, ಎರಡನೆಯದಕ್ಕೆ ಆರು ತಿಂಗಳು! ಆದಿಪುರಾಣ ಮುಗಿದದ್ದು ಕ್ರಿ.ಶ. 941ರಲ್ಲಿ. ಆಗ ಅವನಿಗೆ ಮೂವತ್ತೊಂಬತ್ತು ವರ್ಷ.

ಇಂಜಿನಿಯರ್ ಬುದ್ಧಿ ಸುಮ್ಮನಿರಲ್ಲ ನೋಡಿ, ಲೆಕ್ಕ ಹಾಕಿದೆ. ಆದಿಪುರಾಣದಲ್ಲಿ ಹದಿನಾರು ಆಶ್ವಾಸ, ಸುಮಾರು 1600 ಪದ್ಯ. ಮೂರು ತಿಂಗಳೆಂದರೆ ತೊಂಬತ್ತು ದಿನ. ದಿನಕ್ಕೆ ಹೆಚ್ಚುಕಮ್ಮಿ ಹದಿನೆಂಟು ಪದ್ಯ. ಪಂಪಭಾರತದಲ್ಲಿ ಹದಿನಾಲ್ಕು ಆಶ್ವಾಸ, ಅದೂ ಸುಮಾರು 1600 ಪದ್ಯ. ಆರು ತಿಂಗಳಿಗೆ ಹಂಚಿದರೆ ದಿನಕ್ಕೆ ಒಂಬತ್ತು. ಇವು ಚಂಪೂ ಕಾವ್ಯಗಳು, ಹಾಗಾಗಿ ನಡುವೆ ಗದ್ಯ ಬೇರೆ. ಪದ್ಯ ಅಂದರೆ ಸುಮ್ಮನೆ ಸಾಲು ಮುರಿದು ಬರೆದದ್ದಲ್ಲ. ಕಂದ, ವೃತ್ತ, ಗಣ, ಎಲ್ಲಾ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ. ಕಂಪೈಲರ್ ಒಂದೇ ಒಂದು ಎರರ್ ಬಿಡಲ್ಲ!

ಹಾಗಾದರೆ ಹೇಗೆ ಸಾಧ್ಯವಾಯಿತು? ಪ್ರತಿಭೆ ಅಂತ ಒಂದೇ ಮಾತಿನಲ್ಲಿ ಮುಗಿಸಬಹುದು, ಆದರೆ ಅದರಿಂದ ನಮಗೇನೂ ಉಪಯೋಗ ಇಲ್ಲ :-) ಎರಡು ಸಂಗತಿ ಗಮನಿಸಿ. ಒಂದು, ಕಥೆಯ ಚೌಕಟ್ಟು ಅವನ ಮುಂದೆ ತಯಾರಿತ್ತು. ಆದಿಪುರಾಣಕ್ಕೆ ಜಿನಸೇನಾಚಾರ್ಯರ ಸಂಸ್ಕೃತ ಪುರಾಣ, ಭಾರತಕ್ಕೆ ವ್ಯಾಸರು. ಎಲ್ಲಿಗೆ ಹೋಗಬೇಕು ಅಂತ ಗೊತ್ತಿತ್ತು, ದಾರಿಯಲ್ಲಿ ಏನನ್ನು ಬದಲಾಯಿಸಬೇಕು ಅನ್ನೋದೂ ಗೊತ್ತಿತ್ತು. ಅರಿಕೇಸರಿಯನ್ನೇ ಅರ್ಜುನ ಮಾಡಿದ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಅಂದರೆ ಆರು ತಿಂಗಳು ಎನ್ನುವುದು ಬರೆಯಲು ಹಿಡಿದ ಸಮಯ. ಓದಲು, ಕೇಳಲು, ಯೋಚಿಸಲು ಹಿಡಿದದ್ದು ಅದಕ್ಕೂ ಹಿಂದಿನ ಮೂವತ್ತು ಚಿಲ್ಲರೆ ವರ್ಷ. ಎರಡು, ಆಸ್ಥಾನದಲ್ಲಿ ಕಾಯುವವರಿದ್ದರು. ಪಂಡಿತರು ಒತ್ತಾಯ ಮಾಡಿ ಈ ಕಥೆ ಹೇಳಿಸಿದರು ಅಂತ ಪಂಪನೇ ಬರೆದುಕೊಂಡಿದ್ದಾನೆ. ಕಾವ್ಯ ಮುಗಿದ ಮೇಲೆ ಅರಿಕೇಸರಿ ಅವನಿಗೆ ಧರ್ಮವುರ ಎಂಬ ಅಗ್ರಹಾರವನ್ನೇ ಕೊಟ್ಟ. ಕೇಳುವ ಕಿವಿ ಮೊದಲು, ಬಹುಮಾನ ಆಮೇಲೆ.

ಕೊಪ್ಪಳದಿಂದ ಇನ್ನೂ ಪಶ್ಚಿಮಕ್ಕೆ ಹೋದರೆ ಗದಗ. ಅಲ್ಲಿ ಹದಿನೈದನೇ ಶತಮಾನದ ಕುಮಾರವ್ಯಾಸನ ಬಗ್ಗೆ ಒಂದು ಐತಿಹ್ಯ ಇದೆ. ದಿನಾ ದೇವಸ್ಥಾನದ ಕೊಳದಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ವೀರನಾರಾಯಣನ ಎದುರು ಕಂಬಕ್ಕೆ ಒರಗಿ ಕೂರುತ್ತಿದ್ದನಂತೆ. ಬಟ್ಟೆ ಆರುವವರೆಗೆ ಪದ್ಯ ಹರಿಯುತ್ತಿತ್ತಂತೆ. ಬಟ್ಟೆ ಆರಿತೋ, ಅವತ್ತಿನ ಕೆಲಸ ಮುಗಿಯಿತು. ಆ ಕಂಬವನ್ನು ಈಗಲೂ ತೋರಿಸುತ್ತಾರೆ. ಕಥೆ ನಡೆದದ್ದೋ ಕಟ್ಟಿದ್ದೋ, ಅದನ್ನು ಕಟ್ಟಿದ ಜನಕ್ಕೆ ಬರವಣಿಗೆಯ ಗುಟ್ಟು ಗೊತ್ತಿತ್ತು. ಗದಗಿನ ಬಿಸಿಲಿಗೆ ಒದ್ದೆ ಪಂಚೆ ಎಷ್ಟು ಹೊತ್ತು ತಡೆದೀತು? ಒಂದು ಗಂಟೆ? ಅಷ್ಟೇ ಹೊತ್ತು, ಆದರೆ ದಿನಾ. ನಾವು ಆಫೀಸಿನಲ್ಲಿ ಇದಕ್ಕೆ ಟೈಮ್‌ಬಾಕ್ಸ್ ಅಂತ ಹೆಸರಿಟ್ಟು ಟ್ರೈನಿಂಗ್ ಕೊಡಿಸಿಕೊಳ್ಳುತ್ತೇವೆ! ಆ ಕಥೆಯಲ್ಲೂ ಕವಿ ಒಬ್ಬನೇ ಇಲ್ಲ. ಎದುರಿಗೆ ಕೇಳುವವನು ಇದ್ದಾನೆ, ವೀರನಾರಾಯಣ.

ಈಗ ನಮ್ಮೂರ ಪಕ್ಕಕ್ಕೇ ಬನ್ನಿ. ಆನೆಗೊಂದಿ, ಹೊಳೆ ದಾಟಿದರೆ ಹಂಪಿ. ವಿಜಯನಗರದ ದಿನನಿತ್ಯದ ಬದುಕು ಹೇಗಿತ್ತು, ಮಹಾನವಮಿ ಹೇಗೆ ನಡೆಯುತ್ತಿತ್ತು, ಪೇಟೆಯಲ್ಲಿ ಏನು ಮಾರುತ್ತಿದ್ದರು ಅಂತ ಕಣ್ಣಿಗೆ ಕಟ್ಟುವಂತೆ ತಿಳಿಯಬೇಕಾದರೆ ನಾವು ಯಾರ ಪುಸ್ತಕ ತೆಗೆಯುತ್ತೇವೆ? 1443ರಲ್ಲಿ ಬಂದ ಪರ್ಷಿಯಾದ ಅಬ್ದುರ್ ರಝಾಕ್, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್, 1530ರ ದಶಕದಲ್ಲಿ ಬರೆದ ಕುದುರೆ ವ್ಯಾಪಾರಿ ನ್ಯೂನಿಜ್. ಪಾಯೆಸ್ ಮತ್ತು ನ್ಯೂನಿಜ್ ಬರೆದದ್ದನ್ನು ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ.

ಸಿವೆಲ್ ಪುಸ್ತಕದಲ್ಲಿ ಒಂದು ಪತ್ರ ಇದೆ. ಆ ಎರಡು ವೃತ್ತಾಂತಗಳನ್ನು ಒಟ್ಟುಮಾಡಿ ಪೋರ್ಚುಗಲ್ಲಿಗೆ ಕಳಿಸಿದವನು ಜೊತೆಗೆ ಬರೆದ ಪತ್ರ. ನೀವು ಕೇಳಿದಿರಿ ಅಂತ ವಿಜಯನಗರಕ್ಕೆ ಹೋಗಿಬಂದವರನ್ನು ಹುಡುಕಿದೆ, ಅಲ್ಲಿಗೆ ಹೋದ ಯಾರೂ ಒಂದು ಕಟ್ಟು ಕಾಗದ ಬರೆದುಕೊಳ್ಳದೆ ವಾಪಸ್ ಬರುವುದಿಲ್ಲ ಅಂತ ನನಗೆ ಗೊತ್ತು ಎನ್ನುವ ಅರ್ಥದ ಮಾತು ಅದರಲ್ಲಿದೆ. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಕುದುರೆ ಮಾರೋಕೆ ಬಂದವನು ಸಂಜೆ ಕೂತು ಬರೆದ. ದೂರದ ಲಿಸ್ಬನ್ನಿನಲ್ಲಿ ಅದನ್ನು ಓದೋಕೆ ಯಾರೋ ಕಾಯುತ್ತಿದ್ದರು, ಅದಕ್ಕೇ ಉಳಿಯಿತು. ಬರೆದವರ ಕಣ್ಣಿಗೆ ಬಿದ್ದ ವಿಜಯನಗರವೇ ಇವತ್ತು ನಮ್ಮ ಪಾಠಪುಸ್ತಕದ ವಿಜಯನಗರ.

ಇಪ್ಪತ್ತನೇ ಶತಮಾನದಲ್ಲಿ ಕಾಯುವ ಕೆಲಸವನ್ನು ಪತ್ರಿಕೆಯ ಓದುಗರು ವಹಿಸಿಕೊಂಡರು. ಹಾವೇರಿ ಕಡೆಯ ಗಳಗನಾಥರು (ವೆಂಕಟೇಶ ತಿರಕೋ ಕುಲಕರ್ಣಿ, 1869-1942) ಅಗಡಿಯ ಸದ್ಬೋಧ ಚಂದ್ರಿಕೆ ಮಾಸಪತ್ರಿಕೆಯಲ್ಲಿ ಬರೆದರು. ತಿಂಗಳು ತಿಂಗಳು ಚಂದಾದಾರರಿಗೆ ಕಂತು ತಲುಪಲೇಬೇಕು. ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದ ಮನುಷ್ಯ ಅವರು. ಓದುಗ ಎಂಬವನ ಮುಖವನ್ನು ಬಾಗಿಲಲ್ಲೇ ನೋಡುತ್ತಿದ್ದರು. ವಿಜಯನಗರ ಸ್ಥಾಪನೆಯ ಕಥೆಯನ್ನು 'ಮಾಧವ ಕರುಣಾ ವಿಲಾಸ' ಎಂಬ ಕಾದಂಬರಿ ಮಾಡಿದವರೂ ಅವರೇ. ಹಾಗೆ ನಮ್ಮ ಹೊಳೆದಂಡೆಯ ಕಥೆ ಕನ್ನಡದ ಮನೆಗಳಿಗೆ ಹೋಯಿತು.

ಇದಕ್ಕೆ ಎದುರಾದ ಉದಾಹರಣೆಯೂ ಇಲ್ಲೇ ಇದೆ. ಆಲೂರು ವೆಂಕಟರಾಯರು 1905ರಲ್ಲಿ ಆನೆಗೊಂದಿ, ಹಂಪಿ ನೋಡಿದರು. ಆ ಪಾಳು ನಗರ ನೋಡಿ ಮನಸ್ಸು ಕಲಕಿಹೋಯಿತು. ಆದರೆ 'ಕರ್ನಾಟಕ ಗತವೈಭವ' ಬಂದದ್ದು 1917ರಲ್ಲಿ. ಹನ್ನೆರಡು ವರ್ಷ! ಇಂಥ ಪುಸ್ತಕ ಮೂವತ್ತು ದಿನದಲ್ಲಿ ಆಗಲ್ಲ, ಆಗಬಾರದು ಕೂಡ. ಆದರೆ ನಡುವಿನ ಆ ವರ್ಷಗಳಲ್ಲಿ ಅವರ ಕೈ ಸುಮ್ಮನಿರಲಿಲ್ಲ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ವಾಗ್ಭೂಷಣ ಪತ್ರಿಕೆಗೆ ಸಂಪಾದಕರಾಗಿ ದುಡಿದರು. ದೊಡ್ಡ ಪುಸ್ತಕ ಮನಸ್ಸಿನಲ್ಲಿ ಬೆಳೆಯುವಾಗ ಕೈಯನ್ನು ಪಳಗಿಸಿದ್ದು ಇಂಥ ನಿಯತ ಕೆಲಸವೇ.

ಬರೆಯುವುದು ಎಲ್ಲರಿಗೂ ಬರದಿದ್ದ ಕಾಲದಲ್ಲೂ ತಿಂಗಳ ವ್ರತ ಎಂಬುದು ನಮ್ಮ ಹಳ್ಳಿಗಳಿಗೆ ಹೊಸದಾಗಿರಲಿಲ್ಲ. ನಮ್ಮ ಕಡೆ ಶ್ರಾವಣ ಅಂದ್ರೆ ಪುರಾಣ. ತಿಂಗಳಿಡೀ ದಿನಾ ರಾತ್ರಿ ಮಠದಲ್ಲೋ ಗುಡಿಯಲ್ಲೋ ಬಸವ ಪುರಾಣವೋ ಇನ್ಯಾವುದೋ ಶರಣರ ಪುರಾಣವೋ ನಡೆಯುತ್ತದೆ. ಪುರಾಣಿಕರು ಅರ್ಥ ಹೇಳುತ್ತಾರೆ, ಗವಾಯಿಗಳು ಹಾರ್ಮೋನಿಯಂ ಹಿಡಿದು ಹಾಡುತ್ತಾರೆ, ಪಕ್ಕದಲ್ಲಿ ತಬಲಾ. ಕೊನೆಯ ದಿನ ಪುರಾಣ ಮಂಗಲ, ಊರಿಗೆಲ್ಲ ಪ್ರಸಾದ. ಹೊಲದ ಕೆಲಸ ಮುಗಿಸಿ ಸುಸ್ತಾದ ಜನ ಮೂವತ್ತು ದಿನ ಬಿಡದೆ ಬಂದು ಕೂರುತ್ತಾರಲ್ಲ, ಅದು ಹೇಗೆ? ನಿನ್ನೆ ಕಥೆ ಎಲ್ಲಿ ನಿಂತಿತ್ತು ಅಂತ ಗೊತ್ತು. ಪಕ್ಕದ ಮನೆಯವರು ಬರುತ್ತಾರೆ. ಒಂದು ದಿನ ತಪ್ಪಿದರೆ "ಯಾಕ ಬರ್ಲಿಲ್ಲ ನಿನ್ನಿ?" ಅಂತ ಕೇಳುತ್ತಾರೆ. ಮಂಗಲದ ದಿನ ಯಾವಾಗ ಅಂತಲೂ ಮೊದಲೇ ನಿಗದಿಯಾಗಿರುತ್ತದೆ. ಕ್ರಿಸ್ ಬೇಟಿ 1999ರಲ್ಲಿ ಕಂಡುಕೊಂಡದ್ದೂ ಇದನ್ನೇ, ಅವನ ಕಡೆ ಪ್ರಸಾದದ ಬದಲು ಕಾಫಿ ಇತ್ತು ಅಷ್ಟೇ.

ಬೇಟಿಯ ಹಬ್ಬ ಏನಾಯಿತು ಅಂತ ಹೇಳಲೇಬೇಕು. ಇಪ್ಪತ್ತೊಂದು ಜನರಿಂದ ಶುರುವಾದದ್ದು ಬೆಳೆದು ದೊಡ್ಡ ಸಂಸ್ಥೆಯಾಯಿತು. ಸಾರಾ ಗ್ರೂಯೆನ್ ಅವರ 'ವಾಟರ್ ಫಾರ್ ಎಲಿಫೆಂಟ್ಸ್' (2006), ಎರಿನ್ ಮಾರ್ಗನ್‌ಸ್ಟರ್ನ್ ಅವರ 'ದಿ ನೈಟ್ ಸರ್ಕಸ್' (2011) ಮೊದಲು ಕರಡಾದದ್ದು ಇಂಥ ನವೆಂಬರ್‌ಗಳಲ್ಲೇ. ತಿಂಗಳಲ್ಲಿ ಆದದ್ದು ಕರಡು ಮಾತ್ರ, ಪುಸ್ತಕ ಆಗೋಕೆ ವರ್ಷಗಳೇ ಬೇಕಾದವು. ಆಮೇಲೆ 2023ರಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ದೂರುಗಳು ಬಂದವು. 2024ರಲ್ಲಿ ಕೃತಕ ಬುದ್ಧಿಮತ್ತೆಯಿಂದ ಬರೆಸುವುದನ್ನು ಪೂರ್ತಿ ವಿರೋಧಿಸುವುದು ಸರಿಯಲ್ಲ ಎಂಬ ಅರ್ಥದಲ್ಲಿ ಸಂಸ್ಥೆ ಮಾತಾಡಿತು, ಬರಹಗಾರರು ಸಿಟ್ಟಾದರು. 2025ರ ಮಾರ್ಚ್ ಕೊನೆಗೆ ಸಂಸ್ಥೆ ಬಾಗಿಲು ಹಾಕುವುದಾಗಿ ಹೇಳಿತು. ಹಣವೂ ಇರಲಿಲ್ಲ, ಜನರ ನಂಬಿಕೆಯೂ ಉಳಿದಿರಲಿಲ್ಲ. ಆದರೆ ಮೂವತ್ತು ದಿನಗಳಿಗೇನೂ ಆಗಿಲ್ಲ. ನವೆಂಬರ್ ಯಾರ ಸ್ವತ್ತೂ ಅಲ್ಲ. ಪಂಥಕ್ಕೆ ಬೇಕಾದದ್ದು ಸಂಸ್ಥೆಯಲ್ಲ, ಪರಸ್ಪರ ಕಾಯುವ ನಾಲ್ಕು ಜನ.

ಮೂವತ್ತು ದಿನ ಸಾಕಾ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ಮಾಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದು ಕೆಲಸ ತಾನಾಗೇ ಅಭ್ಯಾಸವಾಗೋಕೆ ಸರಾಸರಿ 66 ದಿನ ಹಿಡಿಯುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಇದು 18ರಿಂದ 254 ದಿನದವರೆಗೂ ಬದಲಾಗುತ್ತದೆ. (ಅಶೋಕನ 256 ನೆನಪಾಯ್ತಾ? :-) ) ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನಿಲ್ಲ ಅಂತಲೂ ಅವರಿಗೆ ಕಂಡಿತು. ಹಾಗಾಗಿ ಒಂದು ತಿಂಗಳನ್ನು ಪೂರ್ತಿ ಬೆಳೆ ಅಂತ ತಿಳಿಯಬೇಡಿ. ನಾಟಿ ಮಾಡಿದ ಹಾಗೆ, ಅಷ್ಟೇ.

ಕನ್ನಡದಲ್ಲಿ ಮಾಡುವುದಾದರೆ ಗುರಿಯ ಲೆಕ್ಕ ಬದಲಿಸಿಕೊಳ್ಳಿ. ಇಂಗ್ಲಿಷಿನಲ್ಲಿ ನಾಲ್ಕೈದು ಪದ ಬೇಕಾಗುವ ಕಡೆ ನಮ್ಮ "ಬರೆಯಬೇಕಾಗಿತ್ತಲ್ಲ" ಒಂದೇ ಪದ. ದಿನಕ್ಕೆ 1,667 ಬೇಡ, 250 ಸಾಕು. ಕುಮಾರವ್ಯಾಸನ ಒದ್ದೆ ಪಂಚೆಯ ಹಾಗೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಪಂಪನ ಹಾಗೆ ಎಲ್ಲಿಗೆ ಹೋಗಬೇಕು ಅಂತ ಮೊದಲೇ ಪಟ್ಟಿ ಮಾಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ದಿನಾ ರಾತ್ರಿ ಬರೆದದ್ದನ್ನು ಯಾರಿಗಾದರೂ ಒಬ್ಬರಿಗೆ ಓದಿ ಹೇಳಿ. ಅಮ್ಮನೋ, ರೂಮ್‌ಮೇಟೋ, ಊರಲ್ಲಿರುವ ಕಾಕಾನೋ ಆಗಬಹುದು. "ಇವತ್ತಿಂದು ಎಲ್ಲಿ?" ಅಂತ ಕೇಳುವವರು ಒಬ್ಬರಿದ್ದರೆ ಅರ್ಧ ಕೆಲಸ ಆದ ಹಾಗೆ.

ಏನು ಬರೆಯೋದು ಅಂತ ಕೇಳಿದರೆ ನಾನಂತೂ ಊರು ಅಂತೀನಿ. ಸಾಣಾಪುರವನ್ನೇ ತೆಗೆದುಕೊಳ್ಳಿ. 2020ರಲ್ಲಿ ವಿರೂಪಾಪುರ ಗಡ್ಡಿಯ ರೆಸಾರ್ಟುಗಳನ್ನು ಕೆಡವಿದ ಮೇಲೆ ಪ್ರವಾಸಿಗರು ನಮ್ಮ ಕಡೆ ತಿರುಗಿದರು. ನಮ್ಮ ಕೆರೆ, ನಮ್ಮ ಬಂಡೆ, ನಮ್ಮ ಹರಿಗೋಲಿನ ಬಗ್ಗೆ ಇಂಗ್ಲಿಷಿನಲ್ಲಿ ಸಾಕಷ್ಟು ಬರಹ ಇದೆ. ಆ ಕೆರೆಗೆ ಎಡದಂಡೆ ಕಾಲುವೆಯ ನೀರು ಬಂದಾಗ ಹೊಲಗಳು ಹೇಗೆ ಬದಲಾದವು, ಜೋಳ ಉಣ್ಣುತ್ತಿದ್ದ ಮನೆಗಳಿಗೆ ಅಕ್ಕಿ ಯಾವಾಗ ಬಂತು, ಹರಿಗೋಲಿಗೆ ಬಿದಿರು ಹೆಣೆಯುವವರು ಯಾರು, ಇವನ್ನೆಲ್ಲ ಹೇಳಬಲ್ಲ ಹಿರಿಯರು ವರ್ಷಕ್ಕೆ ಒಬ್ಬಿಬ್ಬರಂತೆ ಕಡಿಮೆಯಾಗುತ್ತಿದ್ದಾರೆ. ಐನೂರು ವರ್ಷದ ಹಿಂದೆ ಬಂದುಹೋದವರು ಕಟ್ಟುಗಟ್ಟಲೆ ಬರೆದರು, ಇದ್ದವರ ದಿನನಿತ್ಯದ ಮಾತು ನಮ್ಮವರೆಗೆ ಅಷ್ಟಾಗಿ ತಲುಪಲಿಲ್ಲ. ಈ ಸಲವೂ ಹಾಗೇ ಆಗಬೇಕಾ?

ದಿನಕ್ಕೆ ಒಬ್ಬ ಹಿರಿಯರಿಗೆ ಫೋನ್ ಮಾಡಿ, ಒಂದು ಪ್ರಶ್ನೆ ಕೇಳಿ, 250 ಪದ ಬರೆದರೆ ತಿಂಗಳ ಕೊನೆಗೆ ಏಳೂವರೆ ಸಾವಿರ ಪದ. ಒಂದು ಊರಿನ ಬಗ್ಗೆ, ಆ ಊರಿನವರೇ, ಕೊಪಣದ ಕನ್ನಡದಲ್ಲಿ ಬರೆದದ್ದು. ಕಾದಂಬರಿ ಆಗದಿದ್ದರೂ ಪರವಾಗಿಲ್ಲ. ಮುಂದೆ ಯಾರೋ ಹುಡುಕಿಕೊಂಡು ಬಂದಾಗ ಕೈಗೆ ಕೊಡೋಕೆ ಒಂದು ಕಟ್ಟು ಕಾಗದವಂತೂ ಇರುತ್ತದೆ.

ಮೊದಲನೇ ದಿನ ಯಾರಿಗೆ ಫೋನ್ ಮಾಡ್ತೀರಿ?